ಹೆಣ್ಣುಮಕ್ಕಳ ಶಾಲೆಯ ಆಡಳಿತ ಮಂಡಳಿ: ಅಧಿಕಾರವಲ್ಲ, ಅಮಾನತ್

ಮಕ್ಕಾ ವಿಜಯದ ದಿನ ಪ್ರವಾದಿವರ್ಯರು(ಸ) ಕಅಬಾದ ಕೀಲಿಕೈಯನ್ನು ಸ್ವಂತ ಬಂಧುಗಳಿಗೆ ಕೊಡದೆ, ಅದನ್ನು ಕಾಯುತ್ತ ಬಂದಿದ್ದ ಉಸ್ಮಾನ್ ಬಿನ್ ತಲ್ಹಾ(ರ)ರಿಗೇ ಮರಳಿಸಿದರು. ಅಮಾನತ್ತನ್ನು ಹಕ್ಕುದಾರರಿಗೆ ಒಪ್ಪಿಸಬೇಕೆನ್ನುವ ಅನ್ನಿಸಾ ಅಧ್ಯಾಯದ 58ನೇ ವಚನವನ್ನು ವ್ಯಾಖ್ಯಾನಕಾರರು ಈ ಘಟನೆಯೊಂದಿಗೆ ಜೋಡಿಸುತ್ತಾರೆ. ಶಾಲೆಯ ಕೀಲಿಕೈಯೂ ಅಂಥದೇ ಅಮಾನತ್.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸುವವರೂ ನಡೆಸಬಯಸುವವರೂ ಇದನ್ನು ತಿಳಿದಿರಬೇಕು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಹಕ್ಕಿನ ಜೊತೆಗೆ ಲೆಕ್ಕವೂ ಇದೆ. ಶಾಲೆಯನ್ನು ನೋಂದಾಯಿತ ಸಂಘ ನಡೆಸುತ್ತಿದ್ದರೆ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆದು, ಆಡಿಟ್ ಆದ ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು.

ಹಣ, ಕಟ್ಟಡ, ಶುಲ್ಕ, ನೇಮಕ, ಮಕ್ಕಳ ಸುರಕ್ಷತೆ ಇವು ಮಂಡಳಿಯ ಹೊಣೆ. ಪಾಠದ ಕೋಣೆ ಮುಖ್ಯೋಪಾಧ್ಯಾಯಿನಿಯದು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನರಹಿತ ಖಾಸಗಿ ಶಾಲೆಗೆ ಈ ನಿಯಮವಿಲ್ಲ. ಹಾಗಾಗಿ ಹೆಣ್ಣುಮಕ್ಕಳ ಶಾಲೆಯ ಮಂಡಳಿಯಲ್ಲಿ ಗಂಡಸರೇ ಕುಳಿತರೂ ಈ ಕಾಯ್ದೆ ಪ್ರಶ್ನಿಸುವುದಿಲ್ಲ. ಪ್ರಶ್ನಿಸಬೇಕಾದವರು ನಾವೇ. ಶೌಚಾಲಯಕ್ಕೆ ಚಿಲಕವಿದೆಯೇ, ಸಂಜೆಯ ಬಸ್ಸು ತಪ್ಪಿದರೆ ಹಳ್ಳಿಯ ಹುಡುಗಿ ಮನೆ ಸೇರುವುದು ಹೇಗೆ ಎಂಬುದನ್ನು ತಾಯಂದಿರು ಬಲ್ಲರು. ಇಂಥವು ಬಗೆಹರಿಯದಿದ್ದರೆ ಮಗಳ ಓದು ಅರ್ಧಕ್ಕೇ ನಿಲ್ಲುತ್ತದೆ.

ಸಮಾಲೋಚಿಸಿ ನಡೆಯುವುದು ನಮ್ಮ ದೀನಿನ ಕಲಿಕೆ. ತಾಯಂದಿರನ್ನೂ ಅದೇ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳನ್ನೂ ಮಂಡಳಿಗೆ ಸೇರಿಸೋಣ, ವರ್ಷದ ಲೆಕ್ಕವನ್ನು ಜಮಾಅತ್ತಿನ ಮುಂದೆ ಓದೋಣ. ಅಮಾನತ್ತನ್ನು ಕಾಯುವ ಶಕ್ತಿಯನ್ನು ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.