ದಿಂಬಿನ ಬಳಿಯ ಬೇತಾಳ

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮಗಳು ಪುಣೆಯಿಂದ ಮುಂಬಯಿಗೆ ಬಂದು ನಾಲ್ಕು ದಿನ ನಮ್ಮಲ್ಲಿದ್ದಳು. ಹೊರಡುವಾಗ ಇಟ್ಟಿಗೆಯಷ್ಟು ದಪ್ಪನೆಯ ಇಂಗ್ಲಿಷ್ ಕಾದಂಬರಿಯೊಂದನ್ನು ನನ್ನ ದಿಂಬಿನ ಬಳಿ ಇಟ್ಟು, "ದೊಡ್ಡಮ್ಮಾ, ಇದನ್ನೊಮ್ಮೆ ಓದಿ. ಅಮ್ಮನ ಹಾಗೆ ಹೊದಿಕೆ ನೋಡಿಯೇ ಮೂಗು ಮುರಿಯಬೇಡಿ" ಎಂದಳು. ಮಾಟಗಾತಿಗೂ ರಕ್ತ ಹೀರುವ ಪಿಶಾಚಿಗೂ ಪ್ರೇಮವಂತೆ! ಅರವತ್ತು ದಾಟಿದ ನನಗೇಕೆ ಈ ಉಸಾಬರಿ ಎಂದುಕೊಂಡೇ ಕನ್ನಡಕ ಹುಡುಕಿದೆ. ಮೂರನೆಯ ದಿನ ಒಲೆಯ ಮೇಲಿನ ಹಾಲು ಉಕ್ಕಿಹೋದದ್ದೂ ತಿಳಿಯಲಿಲ್ಲ.

ಪುಸ್ತಕದ ಹೆಸರು 'ಎ ಡಿಸ್ಕವರಿ ಆಫ್ ವಿಚಸ್'. ಬರೆದಾಕೆ ಅಮೆರಿಕದ ಡೆಬೊರಾ ಹಾರ್ಕ್‌ನೆಸ್. ವಿಜ್ಞಾನದ ಇತಿಹಾಸವನ್ನು ಕಲಿಸುವ ಪ್ರಾಧ್ಯಾಪಿಕೆ. 2011ರಲ್ಲಿ ಬಂದ ಈ ಕಾದಂಬರಿಗೆ 2012 ಮತ್ತು 2014ರಲ್ಲಿ ಮುಂದಿನ ಭಾಗಗಳು ಬಂದವು. ಕಥೆ ಮೊದಲಾಗುವುದು ಸ್ಮಶಾನದಲ್ಲಲ್ಲ, ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ. ಡಯಾನಾ ಬಿಷಪ್ ರಸವಿದ್ಯೆಯ ಇತಿಹಾಸವನ್ನು ಶೋಧಿಸುವ ವಿದುಷಿ. ಮಾಟಗಾತಿಯರ ವಂಶದಲ್ಲಿ ಹುಟ್ಟಿಯೂ ಮಂತ್ರತಂತ್ರವನ್ನು ದೂರವಿಟ್ಟವಳು. 'ಆಶ್ಮೋಲ್ 782' ಎಂಬ ಹಳೆಯ ಹಸ್ತಪ್ರತಿ ಅವಳ ಕೈಗೆ ಬಂದದ್ದೇ ತಡ, ಅದಕ್ಕಾಗಿ ಕಾದಿದ್ದವರೆಲ್ಲ ಅವಳ ಬೆನ್ನು ಹತ್ತುತ್ತಾರೆ. ಅವರಲ್ಲೊಬ್ಬ ಮ್ಯಾಥ್ಯೂ. ವಯಸ್ಸು ಸಾವಿರದ ಐನೂರು, ಜಾತಿಯಲ್ಲಿ ರಕ್ತಪಿಶಾಚಿ, ಉದ್ಯೋಗದಲ್ಲಿ ವಿಜ್ಞಾನಿ! ಈತ ಅವಳನ್ನು ಕರೆದೊಯ್ಯುವುದು ಎಲ್ಲಿಗೆ ಬಲ್ಲಿರಾ? ಯೋಗಾಸನದ ತರಗತಿಗೆ. ಅಲ್ಲಿ ಮಾಟಗಾತಿಯರೂ ಪಿಶಾಚಿಗಳೂ ಒಂದೇ ಕೋಣೆಯಲ್ಲಿ ಆಸನ ಹಾಕುತ್ತಾರೆ.

ಪಿಶಾಚಿಗೆ ಈ ಭಾಗ್ಯ ಸುಲಭವಾಗಿ ಬಂದದ್ದಲ್ಲ. 1819ರಲ್ಲಿ ಪ್ರಕಟವಾದ ಪಾಲಿಡೋರಿಯ ಕಥೆಯಲ್ಲಿಯೂ 1897ರ ಬ್ರಾಮ್ ಸ್ಟೋಕರನ 'ಡ್ರಾಕುಲಾ'ದಲ್ಲಿಯೂ ಅವನು ಮನೆಯೊಳಗೆ ಬಿಟ್ಟುಕೊಳ್ಳಬಾರದ ಪರಕೀಯ. ಇಲ್ಲಿಯಾದರೋ ಅವನೇ ಮದುವಣಿಗ. ನಮ್ಮ ಬೇತಾಳನನ್ನೂ ಈ ಕುಲಕ್ಕೆ ಸೇರಿಸಿದವರುಂಟು: 1870ರಲ್ಲಿ ರಿಚರ್ಡ್ ಬರ್ಟನ್ ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತಂದಾಗ 'ವಿಕ್ರಮ್ ಅಂಡ್ ದ ವ್ಯಾಂಪೈರ್' ಎಂದೇ ಹೆಸರಿಟ್ಟ. ಪಾಪ, ನಮ್ಮ ಬೇತಾಳ ವಿಕ್ರಮನ ರಕ್ತ ಹೀರಿದವನಲ್ಲ. ಹೆಗಲೇರಿ ಪ್ರಶ್ನೆ ಕೇಳಿದವನು. ಆ ಪ್ರಶ್ನೆಗಳಲ್ಲಿ ಎಷ್ಟೋ, ಈ ಕನ್ಯೆ ಯಾರಿಗೆ ಸೇರತಕ್ಕವಳು ಎಂಬುದೇ.

ನಾಯಕಿಯ ಹೆಸರಿನಲ್ಲಿಯೇ ಲೇಖಕಿ ಪುರಾಣವನ್ನೂ ಇತಿಹಾಸವನ್ನೂ ಹೆಣೆದಿದ್ದಾರೆ. ಡಯಾನಾ ಎಂದರೆ ರೋಮನರ ಬೇಟೆಯ ದೇವತೆ, ಚಂದ್ರನ ಒಡತಿ. ಕೆಲವು ಹೆಂಗಸರು ರಾತ್ರಿ ಹೊತ್ತು ಈ ದೇವತೆಯೊಡನೆ ಸವಾರಿ ಹೊರಡುತ್ತೇವೆಂದು ನಂಬಿದ್ದಾರೆಂದು ಯುರೋಪಿನ 10ನೆಯ ಶತಮಾನದ ಧಾರ್ಮಿಕ ಗ್ರಂಥವೊಂದು ಗದರಿಸುತ್ತದೆ. ಕಾದಂಬರಿಯಲ್ಲಿ ಮ್ಯಾಥ್ಯೂ ಸಾಯುವ ಸ್ಥಿತಿಗೆ ಬಂದಾಗ ನಾಯಕಿ ಮೊರೆಯಿಡುವುದು ಆ ದೇವಿಗೇ. ಅಷ್ಟೇ ಅಲ್ಲ, ತನ್ನ ರಕ್ತವನ್ನೇ ಕುಡಿಸಿ ಅವನನ್ನು ಬದುಕಿಸುತ್ತಾಳೆ. ಸಾವಿತ್ರಿಯ ಕಥೆ ಕೇಳಿ ಬೆಳೆದ ನನಗೆ ಆ ಪುಟಗಳಲ್ಲಿ ಕಣ್ಣು ಹನಿಯಿತು.

ಇನ್ನು ಬಿಷಪ್ ಎಂಬುದು ನಿಜವಾಗಿ ಬಾಳಿದ ಹೆಣ್ಣೊಬ್ಬಳ ಹೆಸರು. ಅಮೆರಿಕದ ಸೇಲಂನಲ್ಲಿ 1692ರಲ್ಲಿ ಮಾಟದ ಆರೋಪದ ಮೇಲೆ 19 ಮಂದಿಯನ್ನು ಗಲ್ಲಿಗೇರಿಸಿದರು. ಮೊದಲನೆಯವಳು ಬ್ರಿಜೆಟ್ ಬಿಷಪ್. ಡಯಾನಾ ಆಕೆಯ ವಂಶದವಳೆಂದು ಕಥೆ ಹೇಳುತ್ತದೆ. ಪರದೇಶದ ಮಾತೆಂದು ನಾವು ನೆಮ್ಮದಿಯಿಂದ ಇರುವಂತಿಲ್ಲ. 'ಡಾಯನ್' ಎಂದು ಹೆಸರಿಟ್ಟು ಹೆಂಗಸರನ್ನು ಹಿಂಸಿಸುವುದನ್ನು ತಡೆಯಲು ಬಿಹಾರದಲ್ಲಿ 1999ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಆದರೆ ನನ್ನನ್ನು ಹೆದರಿಸಿದ್ದು ಮಾಟವೂ ಅಲ್ಲ, ಕೋರೆಹಲ್ಲೂ ಅಲ್ಲ. ಕಥೆಯಲ್ಲಿ ಒಂಬತ್ತು ಜನರದೊಂದು ಹಿರಿಯರ ಸಭೆಯಿದೆ. ಮಾಟಗಾತಿಯರು, ಪಿಶಾಚಿಗಳು, 'ಡೀಮನ್' ಎಂಬ ಮೂರನೆಯ ಕುಲದವರು, ತಲಾ ಮೂವರು. ಒಂದು ಕುಲದವರು ಇನ್ನೊಂದು ಕುಲದವರನ್ನು ಪ್ರೀತಿಸಬಾರದೆಂಬುದು ಅವರ ಹಳೆಯ ಕಟ್ಟಳೆ. ಬೆರೆತರೆ ಮನುಷ್ಯರ ಕಣ್ಣಿಗೆ ಬಿದ್ದೇವು ಎಂಬ ಭಯದಿಂದ ಹುಟ್ಟಿದ್ದು. ಕಟ್ಟಳೆ ಉಳಿಯಿತು, ಇತ್ತ ಮೂರು ಕುಲಗಳೂ ಕ್ಷೀಣಿಸುತ್ತ ಬಂದವು.

ಪುಸ್ತಕದಲ್ಲಿ ಕುಂದಿಲ್ಲವೆಂದಲ್ಲ. ಊಟ, ಉಡುಪು, ದ್ರಾಕ್ಷಾರಸಗಳ ವರ್ಣನೆ ಅತಿಯಾಯಿತು. ಮ್ಯಾಥ್ಯೂ ಮಾತುಮಾತಿಗೂ ಅಪ್ಪಣೆ ಕೊಡುವುದು, ಮುಖ್ಯ ಸಂಗತಿಗಳನ್ನು ಹೆಂಡತಿಯಿಂದ ಮುಚ್ಚಿಡುವುದು ನನಗೆ ಸೇರಲಿಲ್ಲ. ಸಾವಿರದ ಐನೂರು ವರ್ಷ ಬದುಕಿದರೂ ಗಂಡಸಿಗೆ ಕೆಲವು ಬುದ್ಧಿ ಬರುವುದಿಲ್ಲವೆಂದು ಕಾಣುತ್ತದೆ.

ಕೊನೆಯ ಪುಟ ಮುಗಿದ ರಾತ್ರಿ ಹುಡುಗಿ ಇದನ್ನು ನನಗೇಕೆ ಕೊಟ್ಟಳೆಂದು ಹೊಳೆಯಿತು. ಅವಳು ಮೆಚ್ಚಿದ ಹುಡುಗ ಮರಾಠಿಯವನು. "ನಮ್ಮಲ್ಲಿ ಇಂಥದ್ದು ನಡೆದಿಲ್ಲ" ಎಂದು ತಂಗಿ ಎರಡು ವರ್ಷದಿಂದ ಒಂದೇ ಹಟ ಹಿಡಿದಿದ್ದಾಳೆ. ನಾನೂ ಹೂಂಗುಟ್ಟಿದವಳೇ. ಹುಡುಗಿ ವಾದಿಸಲಿಲ್ಲ, ಬೇತಾಳನ ಪ್ರಶ್ನೆಯನ್ನು ನನ್ನ ಹೆಗಲಿಗೇರಿಸಿ ಹೋದಳು. ವಿಕ್ರಮನಿಗಾದರೂ ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳಾಗುವ ಭಯವಿತ್ತು. ನನಗೆ ಯಾವ ಭಯವಿತ್ತು?

ತಂಗಿಗೆ ಇಂಗ್ಲಿಷ್ ಕಾದಂಬರಿ ಒಗ್ಗದು. ಆದ್ದರಿಂದ ದಿನವೂ ರಾತ್ರಿ ದೂರವಾಣಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕಥೆ ಹೇಳತೊಡಗಿದೆ. ಮೊದಲೆರಡು ದಿನ ನಕ್ಕಳು. ಮೂರನೆಯ ದಿನ ಸುಮ್ಮನೆ ಕೇಳಿದಳು. ನಾಲ್ಕನೆಯ ದಿನ ತಾನೇ ಕರೆ ಮಾಡಿ, "ಅಕ್ಕಾ, ಆಮೇಲೆ ಆ ಹಿರಿಯರು ಒಪ್ಪಿದರೇ?" ಎಂದಳು.

ಇನ್ನೂ ಎರಡು ಭಾಗ ಉಳಿದಿವೆ, ನೋಡೋಣ ಎಂದಿದ್ದೇನೆ.