ಬೀಜದ ಚೀಟಿಯ ಬಾರ್‌ಕೋಡನ್ನು ಸರಿಯಾಗಿ ಓದಿಸುವ ಕ್ರಮ

ದೇವರಾಯನದುರ್ಗದ ಸುತ್ತಲಿನ ರೈತರು ಮುಂಗಾರಿಗೆ ರಾಗಿಬೀಜವನ್ನು ಕೊಳ್ಳುವಾಗ ಚೀಲದ ಚೀಟಿಯಲ್ಲಿರುವ ಲಾಟ್ ಸಂಖ್ಯೆಯು ಮುಖ್ಯವಾದ ಆಧಾರವು. ದೃಢೀಕೃತ ರಾಗಿಬೀಜವು ನೂರಕ್ಕೆ 75ರಷ್ಟಾದರೂ ಮೊಳೆಯತಕ್ಕದ್ದು. ಹಾಗೆ ಮೊಳೆಯದಿದ್ದಲ್ಲಿ ಅದೇ ಲಾಟಿನ ಬೀಜವು ಇನ್ನಾರಿಗೆ ಹೋಯಿತೆಂಬುದನ್ನು ಈ ಸಂಖ್ಯೆಯಿಂದಲೇ ಕಂಡುಹಿಡಿಯಬೇಕು. ಆದಕಾರಣ ಅದು ಒಂದಕ್ಷರವೂ ತಪ್ಪದೆ ಲೆಕ್ಕಕ್ಕೆ ಇಳಿಯುವುದು ಅವಶ್ಯಕ.

ಕೈಯಲ್ಲಿ ಹಿಡಿಯುವ ಸ್ಕ್ಯಾನರು ಸಾಮಾನ್ಯವಾಗಿ ಕೀಲಿಮಣೆಯಂತೆ ವರ್ತಿಸುವುದು. ಓದಿದುದನ್ನು ಬೆರಳಚ್ಚು ಮಾಡಿದಂತೆಯೇ ಕಂಪ್ಯೂಟರಿಗೆ ಕಳುಹಿಸುವುದು. ಕೊನೆಯಲ್ಲಿ ‘ಎಂಟರ್’ ಸೇರಿಸಿದರೆ ಮುಂದಿನ ಸಾಲಿಗೂ, ‘ಟ್ಯಾಬ್’ ಸೇರಿಸಿದರೆ ಮುಂದಿನ ಅಂಕಣಕ್ಕೂ ಹೋಗುವುದು. ಎರಡೂ ಇಲ್ಲದಿದ್ದರೆ ಎರಡು ಚೀಲಗಳ ಸಂಖ್ಯೆಗಳು ಒಂದಕ್ಕೊಂದು ಅಂಟಿಕೊಳ್ಳುವುವು. ಇದನ್ನು ಏರ್ಪಡಿಸಲು ಸ್ಕ್ಯಾನರಿನ ಕೈಪಿಡಿಯಲ್ಲಿ ಅಚ್ಚಾಗಿರುವ ಆಜ್ಞೆಯ ಬಾರ್‌ಕೋಡುಗಳನ್ನು ಅಲ್ಲಿ ಹೇಳಿದ ಕ್ರಮದಲ್ಲಿಯೇ ಓದಿಸತಕ್ಕದ್ದು. ಒಂದು ತಯಾರಿಕೆಯ ಆಜ್ಞೆಯು ಮತ್ತೊಂದಕ್ಕೆ ಒದಗದು.

ಚೀಟಿಯು ಜಿಎಸ್‌1 ಪದ್ಧತಿಯದಾದರೆ 01ರ ಮುಂದೆ 14 ಅಂಕಿಗಳ ಸರಕು ಸಂಖ್ಯೆಯೂ, 17ರ ಮುಂದೆ ಅವಧಿ ಮುಗಿಯುವ ದಿನವೂ, 10ರ ಮುಂದೆ ಲಾಟ್ ಸಂಖ್ಯೆಯೂ ಇರುವುವು. ಲಾಟ್ ಸಂಖ್ಯೆಗೆ ನಿಶ್ಚಿತವಾದ ಉದ್ದವಿಲ್ಲ, 20 ಅಕ್ಷರಗಳವರೆಗೆ ಇರಬಹುದು. ಅದರ ಮುಂದೆ ಬೇರೆ ವಿವರವಿದ್ದರೆ ನಡುವೆ ಕಣ್ಣಿಗೆ ಕಾಣದ ವಿಭಾಜಕ ಚಿಹ್ನೆಯುಂಟು. ಆ ಚಿಹ್ನೆಯನ್ನು ಟ್ಯಾಬಿಗೆ ಬದಲಿಸುವಂತೆ ಸ್ಕ್ಯಾನರನ್ನು ಏರ್ಪಡಿಸಿದರೆ ವಿವರಗಳು ಬೆರೆಯವು.

ಲೆಕ್ಕದ ಅಂಕಣವನ್ನು ಮೊದಲೇ ‘ಪಠ್ಯ’ವೆಂದು ಗೊತ್ತುಮಾಡತಕ್ಕದ್ದು, ಇಲ್ಲವಾದರೆ ಸಂಖ್ಯೆಯ ಮೊದಲಿನ ಸೊನ್ನೆಗಳು ಅಳಿದುಹೋಗುವುವು. ವಿತರಣೆಗೆ ಮುಂಚೆ ಐದಾರು ಚೀಲಗಳನ್ನು ಓದಿಸಿ, ಪರದೆಯಲ್ಲಿ ಬಂದುದನ್ನು ಚೀಟಿಯೊಡನೆ ಹೋಲಿಸಿ ನೋಡುವುದು ಉತ್ತಮ. ರೈತರಾದರೋ ರಸೀದಿಯನ್ನೂ ಚೀಟಿಯನ್ನೂ ಪೈರು ಕೊಯ್ಲಾಗುವ ತನಕ ಜೋಪಾನವಾಗಿಟ್ಟುಕೊಳ್ಳಬೇಕು.