ಕಾಲು ಪಾಲು

ಹಿಂದೆ ದೊಡ್ಡ ರೈಲುನಿಲ್ದಾಣಗಳಲ್ಲಿ ತೂಕದ ಯಂತ್ರವೊಂದು ನಿಂತಿರುತ್ತಿತ್ತು. ಬಣ್ಣದ ದೀಪಗಳು ಮಿನುಗುತ್ತಿದ್ದ ಆ ಯಂತ್ರದ ಮೇಲೆ ನಿಂತು ಕಾಸು ಹಾಕಿದರೆ ‘ಖಟ್’ ಎಂದು ಚೀಟಿಯೊಂದು ಬೀಳುತ್ತಿತ್ತು. ಅದರ ಒಂದು ಮಗ್ಗುಲಲ್ಲಿ ನಮ್ಮ ತೂಕ. ಇನ್ನೊಂದು ಮಗ್ಗುಲಲ್ಲಿ ನಮ್ಮ ಭವಿಷ್ಯ. ಬಾಲ್ಯದಲ್ಲಿ ನಾವು ಭವಿಷ್ಯವನ್ನೇ ಮೊದಲು ಓದುತ್ತಿದ್ದೆವು. ತೂಕ ಯಾರಿಗೆ ಬೇಕಾಗಿತ್ತು? ಐವತ್ತು ದಾಟಿದ ಮೇಲೆ ಹೊಳೆಯಿತು: ಆ ಚೀಟಿಯ ಎರಡು ಮಗ್ಗುಲೂ ಹೇಳುತ್ತಿದ್ದುದು ಒಂದೇ ಸಂಗತಿಯನ್ನು.

ಹೀಗೆ ಹೊಳೆಯುವುದಕ್ಕೆ ಕಾರಣ ಗುಬ್ಬಿಯಲ್ಲಿರುವ ನಮ್ಮಣ್ಣ. ಹದಿನೈದು ವರ್ಷಗಳ ಸಕ್ಕರೆ ಕಾಯಿಲೆ ಅವನ ಬಲಗಾಲಿನ ಹೆಬ್ಬೆರಳಲ್ಲಿ ಹುಣ್ಣಾಗಿ ಕುಳಿತಿತು. ಕೊನೆಗೆ ಬೆರಳನ್ನೇ ತೆಗೆಯಬೇಕಾಯಿತು. ಆಸ್ಪತ್ರೆಯ ಮಂಚದ ಮೇಲೆ ಒರಗಿದ್ದ ಅವನು ನನ್ನ ಹೊಟ್ಟೆಯ ಕಡೆ ನೋಡಿ, “ನೀನೂ ಇದೇ ದಾರಿ ಹಿಡಿದಿದ್ದೀಯಲ್ಲೋ” ಎಂದ. ಅಂದು ನನ್ನ ತೂಕ 86 ಕಿಲೋ. ಉಟ್ಟ ಪಂಚೆಯ ಅಂಚು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿದ್ದುದನ್ನು ನಾನು ಅಗಸನ ತಪ್ಪೆಂದೇ ಭಾವಿಸಿದ್ದೆ.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸ್ತ್ರೀಪುರುಷರ ಪೈಕಿ ನೂರಕ್ಕೆ ಸುಮಾರು 30 ಮಂದಿ ಮಿತಿಮೀರಿದ ತೂಕದವರೆಂದು ತಿಳಿದುಬಂದಿತು. ನಮ್ಮವರ ಮೈಕಟ್ಟಿನಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಶೇಖರವಾಗುವುದು ಹೆಚ್ಚು. ಆದಕಾರಣ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರು ಮೀರಿದ ಸೊಂಟದ ಸುತ್ತಳತೆ ಅಪಾಯದ ಗುರುತು ಎಂದು ವೈದ್ಯರು ಎಣಿಸುತ್ತಾರೆ.

ಭಯ ಹುಟ್ಟಿದ ಮನುಷ್ಯನು ಮೊದಲು ಮಾಡುವ ಕೆಲಸ ಶಪಥ. ನಾನೂ ಶಪಥ ಮಾಡಿದೆ. ಅನ್ನ ಬಿಟ್ಟೆ, ಮುದ್ದೆ ಬಿಟ್ಟೆ, ರಾತ್ರಿಯ ಊಟವನ್ನೇ ಬಿಟ್ಟೆ. ಸೌತೆಕಾಯಿ, ಪರಂಗಿಹಣ್ಣು, ಮಜ್ಜಿಗೆಗಳಲ್ಲಿ ಆರು ವಾರ ಕಳೆದೆ. ಎಂಟು ಕಿಲೋ ಇಳಿಯಿತು. ಸಹೋದ್ಯೋಗಿಗಳು ಮೆಚ್ಚಿದರು, ಮನೆಯವರು ಮಾತ್ರ ನನ್ನ ಸಿಡುಕನ್ನು ಕಂಡು ದೂರ ಸರಿದರು. ಏಳನೆಯ ವಾರ ಒಂದು ಮದುವೆಯ ಊಟ ಬಂದಿತು. ಅಲ್ಲಿಗೆ ವ್ರತಭಂಗ. ಹತ್ತು ತಿಂಗಳು ತುಂಬುವಷ್ಟರಲ್ಲಿ ಹೋದ ಎಂಟು ಕಿಲೋ ಎರಡು ಕಿಲೋ ಬಡ್ಡಿಯೊಡನೆ ಹಿಂದಿರುಗಿತು. 88!

ಇದು ಮನಸ್ಸಿನ ದೌರ್ಬಲ್ಯವೆಂದು ಬಹುಕಾಲ ನನ್ನನ್ನೇ ಹಳಿದುಕೊಂಡೆ. ಆದರೆ ದೇಹಕ್ಕೆ ಅದರದೇ ಒಂದು ನ್ಯಾಯವುಂಟು. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು ತಾವಾಗಿ ಮುಂದೆ ಬಂದ 36 ಮಂದಿ ತರುಣರಿಗೆ 24 ವಾರ ಅರೆಹೊಟ್ಟೆಯ ಆಹಾರ ಕೊಟ್ಟು ಪರೀಕ್ಷಿಸಿದನು. ಅವರ ಮೈತೂಕದಲ್ಲಿ ಸುಮಾರು ಕಾಲುಭಾಗ ಇಳಿಯಿತು. ಜೊತೆಗೆ ಉತ್ಸಾಹ ಉಡುಗಿತು, ಮೈ ತಣ್ಣಗಾಯಿತು, ಹಗಲಿರುಳೂ ಊಟದ್ದೇ ಧ್ಯಾನ ಹತ್ತಿತು. ಪುನಃ ಊಟ ದೊರೆತಾಗ ಎಷ್ಟು ಉಂಡರೂ ತೃಪ್ತಿಯಿಲ್ಲದ ಹಸಿವು ಹಲವರನ್ನು ತಿಂಗಳುಗಟ್ಟಲೆ ಕಾಡಿತು. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ದೂರದರ್ಶನದ ಸ್ಪರ್ಧೆಗಾಗಿ ತೀವ್ರಗತಿಯಲ್ಲಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದರು. ಬಹುಪಾಲು ತೂಕ ಮರಳಿತ್ತು. ಅವರ ದೇಹಗಳು ಮಾತ್ರ ವಿಶ್ರಾಂತಿಯಲ್ಲಿ ವ್ಯಯಿಸಬೇಕಾದುದಕ್ಕಿಂತ ಕಡಿಮೆ ಶಕ್ತಿಯನ್ನೇ ವ್ಯಯಿಸುತ್ತಿದ್ದುವು. ಬರಗಾಲ ಬಂದಿತೆಂದು ತಿಳಿದ ದೇಹವು ಜಿಪುಣನಾಗಿ, ಮಳೆ ಬಂದ ಮೇಲೂ ಕಣಜದ ಬಾಗಿಲು ತೆರೆಯಲಿಲ್ಲ. ಈಚೆಗೆ, 2025ರಲ್ಲಿ, ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ನಮ್ಮ ದೇಶದ ಮಾರುಕಟ್ಟೆಗೂ ಬಂದಿವೆ. ವೈದ್ಯರು ಹೇಳಿದವರಿಗೆ ಅವು ಉಪಕಾರಿಯೇ. ಆದರೆ ಮದ್ದನ್ನು ನಿಲ್ಲಿಸಿದಾಗ ತೂಕವು ಬಹುಮಟ್ಟಿಗೆ ಮರಳುವುದೆಂಬುದು ಅಲ್ಲಿಯೂ ಕಂಡುಬಂದಿದೆ.

ನನ್ನ ಸೋಲಿನ ಕಥೆಯನ್ನು ಕೇಳಿ ಸಂಸ್ಕೃತದ ಅಧ್ಯಾಪಕ ಮಿತ್ರರೊಬ್ಬರು ನಕ್ಕು, ಚರಕಸಂಹಿತೆಯ ಸೂತ್ರಸ್ಥಾನವನ್ನು ತಂದುಕೊಟ್ಟರು. ಅದರ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲ, ಅತಿಕೃಶ ಇಬ್ಬರ ವಿಚಾರವೂ ಬರುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಏಳನೆಯ ಅಧ್ಯಾಯದ ಒಂದು ವಿಧಿ. ಹಿತವಲ್ಲದ ರೂಢಿಯನ್ನು ಒಮ್ಮೆಗೇ ಬಿಡಲಾಗದು. ಅದರ ಕಾಲು ಪಾಲನ್ನು ತೆಗೆದು, ಆ ಜಾಗದಲ್ಲಿ ಹಿತವಾದುದರ ಕಾಲು ಪಾಲನ್ನು ಇಟ್ಟು, ಅದು ಒಗ್ಗಿದ ಮೇಲೆ ಮುಂದಿನ ಕಾಲಿಗೆ ಹೋಗಬೇಕು. ಹೀಗೆ ಕ್ರಮವಾಗಿ ಕಳೆದ ದೋಷ ಮರಳಿ ಬಾರದು, ಕ್ರಮವಾಗಿ ಬಂದ ಗುಣ ಅಲುಗದು—ಇದು ಅದರ ತಾತ್ಪರ್ಯ. ‘ಕ್ರಮೇಣ’ ಎಂಬ ಮಾತನ್ನು ದಿನಕ್ಕೆ ಹತ್ತು ಬಾರಿ ಆಡುವ ನಾನು, ಅದರೊಳಗೆ ‘ಕ್ರಮ’ವಿರುವುದನ್ನು ಅಂದಿನವರೆಗೆ ಗಮನಿಸಿರಲಿಲ್ಲ.

ಇದೇ ಮಾತನ್ನು ಮುಂದೊಮ್ಮೆ ಕುಣಿಗಲಿನಲ್ಲಿ, ಯಾವ ಗ್ರಂಥವನ್ನೂ ಓದದ ಒಬ್ಬ ಹಿರಿಯರ ಬಾಯಲ್ಲಿ ಕೇಳಿದೆ. ಕುಣಿಗಲು ನನ್ನ ಮಾವನ ಮನೆಯ ಊರು. ಟಿಪ್ಪುವಿನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರದು. ಲಾಯದಲ್ಲಿ ಬಹುಕಾಲ ದುಡಿದಿದ್ದ ಆ ಹಿರಿಯರು ಕೆರೆಯ ಏರಿಯ ಮೇಲೆ ಕುಳಿತು ಹೇಳಿದರು: “ಕುದುರೆ ಮೇವನ್ನ ಒಂದೇ ದಿನಕ್ಕೆ ಬದಲಾಯಿಸಬಾರದು ಸ್ವಾಮಿ, ಹೊಟ್ಟೆಶೂಲೆ ಬಂದು ಬಿದ್ದುಬಿಡ್ತದೆ. ಹಳೇದರಲ್ಲಿ ಕಾಲುಭಾಗ ತೆಗೀಬೇಕು, ಹೊಸದು ಕಾಲುಭಾಗ ಬೆರೆಸಬೇಕು. ವಾರ ಹತ್ತು ದಿನದಲ್ಲಿ ಅದಕ್ಕೇ ಗೊತ್ತಾಗದ ಹಾಗೆ ಮೇವು ಬದಲಾಗಿರ್ತದೆ.” ಕುದುರೆಗೆ ನಾವು ತೋರುವ ದಯೆಯನ್ನು ನಮ್ಮ ಹೊಟ್ಟೆಗೆ ತೋರುವುದಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು.

ಅಂತೂ ಕಾಲು ಪಾಲಿನ ವಿಧಿಯನ್ನು ಮನೆಗೆ ತಂದೆ. ಮೊದಲು ಕಾಫಿ. ದಿನಕ್ಕೆ ನಾಲ್ಕು ಲೋಟ. ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ ಐದು ಗ್ರಾಂ ಎಂದರೂ ದಿನಕ್ಕೆ 40 ಗ್ರಾಂ, ವರ್ಷಕ್ಕೆ ಹದಿನಾಲ್ಕೂವರೆ ಕಿಲೋ! ಇಷ್ಟು ದೊಡ್ಡ ಮೂಟೆಯನ್ನು ನಾನು ಚಮಚದಲ್ಲಿ ಹೊತ್ತಿದ್ದೆ. ತಿಂಗಳಿಗೆ ಅರ್ಧ ಚಮಚದಂತೆ ಇಳಿಸಿದೆ. ಐದನೆಯ ತಿಂಗಳು ಯಾರದೋ ಮನೆಯಲ್ಲಿ ಹಳೆಯ ಅಳತೆಯ ಕಾಫಿ ಕುಡಿದಾಗ ಅದು ಪಾನಕದಂತೆ ತೋರಿತು. ಬಿಟ್ಟದ್ದು ನಾನಲ್ಲ, ನಾಲಗೆಯೇ ಬಿಟ್ಟಿತ್ತು.

ಆಮೇಲೆ ತಟ್ಟೆ. ತುಮಕೂರಿನವನು ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಬಿಡಬೇಕೆಂದರೆ ಆ ಪಥ್ಯವನ್ನೇ ಬಿಟ್ಟಾನು. ನಾನೂ ಬಿಡಲಿಲ್ಲ. ಬೆಣ್ಣೆ ಸವರಿದ ಮೂರು ಇಡ್ಲಿಗಳಿದ್ದ ಜಾಗದಲ್ಲಿ ಎರಡಾದುವು. ವಾರದಲ್ಲಿ ಎರಡು ದಿನವಿದ್ದುದು ಹದಿನೈದು ದಿನಕ್ಕೊಂದಾಯಿತು. ಮನೆಯ ಊಟದಲ್ಲಿ ಅನ್ನದ ಕಾಲುಭಾಗ ಹೋಗಿ ಅಲ್ಲಿಗೆ ಹುರುಳಿಕಾಯಿ ಪಲ್ಯ, ಸೊಪ್ಪಿನ ಹುಳಿ, ಹೆಸರುಬೇಳೆಯ ಕೋಸಂಬರಿ ಬಂದುವು. ರಾಗಿಯ ಸೀಮೆಯವರು ನಾವು; ನಾರಿನ ಅಂಶ ಹೆಚ್ಚಾಗಿರುವ ರಾಗಿ ಬೇಗ ಹಸಿವಾಗಗೊಡುವುದಿಲ್ಲ. ಆದರೆ ಮುದ್ದೆಯೂ ಮಂತ್ರವಲ್ಲ. ಹೊಲ ಉಳುವವನ ಮುದ್ದೆಯ ಗಾತ್ರ ಕುರ್ಚಿಯಲ್ಲಿ ಕೂರುವವನಿಗೆ ಸಲ್ಲದು. ನಮ್ಮ ಹಿರಿಯರು ಹೆಚ್ಚು ಉಂಡು ಗಟ್ಟಿಯಾಗಿದ್ದರೆಂದು ಹೇಳುವಾಗ, ಅವರು ನೇಗಿಲ ಹಿಂದೆ ನಡೆದ ದಾರಿಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕನ್ನಡದಲ್ಲಿ ‘ಕಾಲು’ ಎಂದರೆ ನಾಲ್ಕರಲ್ಲೊಂದು ಭಾಗ. ನಡೆಯುವ ಅಂಗವೂ ಅದೇ. ಊಟದ ಕಾಲು ಇಳಿದ ಮೇಲೆ ಮೈಯ ಕಾಲಿಗೆ ಕೆಲಸ ಬಂದಿತು. ಅಮಾನಿಕೆರೆಯ ದಂಡೆಯಲ್ಲಿ ಮೊದಲ ತಿಂಗಳು ಹತ್ತು ನಿಮಿಷ, ಎರಡನೆಯ ತಿಂಗಳು ಹದಿನೈದು. ವರ್ಷ ತುಂಬುವ ಹೊತ್ತಿಗೆ ಮುಕ್ಕಾಲು ಗಂಟೆ. ಗುಬ್ಬಿ ವೀರಣ್ಣನವರ ನಾಡಿನಲ್ಲಿ ಹುಟ್ಟಿದ ನಮಗೆ ‘ತಾಲೀಮು’ ಎಂಬ ಮಾತು ಹೊಸದಲ್ಲ. ಗರಡಿಯ ಸಾಧನೆಗೂ ಅದೇ ಹೆಸರು, ನಾಟಕದ ಅಭ್ಯಾಸಕ್ಕೂ ಅದೇ ಹೆಸರು. ರಂಗದ ಮೇಲೆ ನಟನು ಮಾತನ್ನು ನೆನಪಿಸಿಕೊಳ್ಳುವುದಿಲ್ಲ. ತಾಲೀಮು ಅದನ್ನು ಅವನ ಸ್ವಭಾವವಾಗಿಸಿರುತ್ತದೆ. ನಡಿಗೆಯೂ ಹಾಗೆಯೇ. ಆರಂಭದಲ್ಲಿ ನಾನು ಅದನ್ನು ಎಳೆದುಕೊಂಡು ಹೋಗುತ್ತಿದ್ದೆ. ಈಗ ಸಂಜೆಯಾಯಿತೆಂದರೆ ಅದೇ ನನ್ನನ್ನು ಎಳೆಯುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿ ವಾರಕ್ಕೆ ಅರ್ಧ ಕಿಲೋ ಇಳಿಯುವುದನ್ನು ಸುರಕ್ಷಿತವೆಂದು ಹೇಳಿದೆ. ನನ್ನದು ಅದಕ್ಕಿಂತಲೂ ನಿಧಾನ. ಮೊದಲ ವರ್ಷ ಆರು ಕಿಲೋ, ಎರಡನೆಯ ವರ್ಷ ನಾಲ್ಕು, ಮೂರನೆಯ ವರ್ಷ ಒಂದೇ ಒಂದು. ಅಲ್ಲಿಗೆ 77ರಲ್ಲಿ ನಿಂತಿತು. ಅದು ನಿಂತಾಗ ನಾನು ಕುಗ್ಗಲಿಲ್ಲ. ಅಷ್ಟರಲ್ಲಿ ಮತ್ತೊಂದು ವಿಷಯ ತಿಳಿದಿತ್ತು. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಕುರಿತು ಚೆನ್ನೈಯಲ್ಲಿ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಆಹಾರವನ್ನೂ ನಡಿಗೆಯನ್ನೂ ತಿದ್ದಿಕೊಂಡವರಲ್ಲಿ ಸುಮಾರು ಮೂರು ವರ್ಷಗಳಲ್ಲಿ ಆ ರೋಗಕ್ಕೆ ಗುರಿಯಾಗುವ ಸಂಭವ ನೂರಕ್ಕೆ 28ರಷ್ಟು ತಗ್ಗಿತು. ಸ್ವಾರಸ್ಯವೇನೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ! ತಕ್ಕಡಿ ಹೇಳದ ಉಪಕಾರವೂ ಮೈಯೊಳಗೆ ನಡೆಯುತ್ತಿರುತ್ತದೆ.

ಸಿದ್ಧಗಂಗೆಯ ದಾರಿಯಲ್ಲಿ ಹೋಗುವಾಗಲೆಲ್ಲ ಒಂದು ಚಿತ್ರ ಮನಸ್ಸಿಗೆ ಬರುತ್ತದೆ. 111 ವರ್ಷ ಬಾಳಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ನಿತ್ಯವೂ ಸಾವಿರಾರು ಮಕ್ಕಳಿಗೆ ಹೊಟ್ಟೆತುಂಬ ಉಣಿಸಿದರು; ತಮಗೆ ಬಡಿಸಿಕೊಂಡದ್ದು ಅತ್ಯಲ್ಪ. ಅವರ ದೀರ್ಘಾಯುಷ್ಯಕ್ಕೆ ಊಟವೊಂದೇ ಕಾರಣವೆನ್ನಲಾರೆ. ಆದರೆ ಆ ಮಿತಾಹಾರ ಒಂದು ಮಂಡಲದ ವ್ರತವಾಗಿರಲಿಲ್ಲ; ದಶಕಗಳ ದಿನಚರಿಯಾಗಿತ್ತು. ಶಪಥಕ್ಕೂ ದಿನಚರಿಗೂ ಇರುವ ಅಂತರ ಇಷ್ಟೇ: ಶಪಥಕ್ಕೆ ಮುಗಿಯುವ ದಿನವೊಂದಿರುತ್ತದೆ.

ಅಧ್ಯಾಪಕ ಬಂಧುಗಳಲ್ಲಿ ಒಂದು ಬಿನ್ನಹ. ತರಗತಿಯಲ್ಲಿ ದಪ್ಪನಾದ ಹುಡುಗನನ್ನೋ ಹುಡುಗಿಯನ್ನೋ ಅಡ್ಡಹೆಸರಿನಿಂದ ಕರೆಯುವ ಚಾಳಿಯನ್ನು ನಾವು ನಗುತ್ತ ಸಹಿಸುತ್ತೇವೆ. ಮೈತೂಕದಲ್ಲಿ ವಂಶದ ಪಾಲುಂಟು, ನಿದ್ರೆಯ ಪಾಲುಂಟು, ಕಾಯಿಲೆಗಳ ಹಾಗೂ ಔಷಧಗಳ ಪಾಲೂ ಉಂಟು. ಹಂಗಿಸುವುದರಿಂದ ಯಾರ ಮೈಯೂ ಕರಗಿಲ್ಲ. ಮಗು ಊಟವನ್ನು ಬಚ್ಚಿಟ್ಟು ತಿನ್ನುವುದನ್ನು ಕಲಿಯುತ್ತದೆ, ಅಷ್ಟೆ. ಇನ್ನು ಮಧುಮೇಹಕ್ಕೆ ಮದ್ದು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ತಪ್ಪಿಸಬಾರದು. ರಕ್ತದ ಸಕ್ಕರೆ ಹಠಾತ್ತನೆ ಕುಸಿದರೆ ಪ್ರಾಣಕ್ಕೇ ಅಪಾಯ.

ಕಳೆದ ಯುಗಾದಿಗೆ ಗುಬ್ಬಿಗೆ ಹೋಗಿದ್ದೆ. ಅತ್ತಿಗೆ ಒಬ್ಬಟ್ಟು ಬಡಿಸಲು ಬಂದರು. ಅಣ್ಣನಿಗೆ ಒಬ್ಬಟ್ಟಿನ ಕಾಲು ಪಾಲು. ನನಗೆ ಇಡೀ ಒಂದು. ಇನ್ನೊಂದು ಹಾಕಲು ಅವರು ಕೈ ಮುಂದೆ ಮಾಡಿದಾಗ ನಾನು ಎಲೆಗೆ ಕೈ ಅಡ್ಡ ಹಿಡಿಯುವ ಮೊದಲೇ ಅಣ್ಣ, “ಸಾಕು ಬಿಡೇ, ಅವನ ಅಳತೆ ಅವನಿಗೆ ಗೊತ್ತಾಗಿದೆ” ಎಂದ. ಊಟವಾದ ಮೇಲೆ ಎಂದಿನಂತೆ ಮಲಗಲಿಲ್ಲ. ವೈದ್ಯರು ಹೇಳಿ ಮಾಡಿಸಿದ ಮೆತ್ತನೆಯ ಪಾದರಕ್ಷೆಯನ್ನು ಮೆಟ್ಟಿಕೊಂಡು, “ಬಾರೋ, ಕೆರೆ ಕಡೆ ಹೋಗಿ ಬರೋಣ” ಎಂದು ಎದ್ದ. ಅವನ ಹೆಜ್ಜೆ ನಿಧಾನ. ಹಿಂದಾಗಿದ್ದರೆ ನಾನು ಮುಂದೆ ನಡೆದು ಹೋಗುತ್ತಿದ್ದೆ. ಆ ದಿನ ಅವನ ಹೆಜ್ಜೆಗೆ ನನ್ನ ಹೆಜ್ಜೆಯನ್ನು ಹೊಂದಿಸಿಕೊಂಡೆ.